ಚೀಟಿಯ ಹಿಂಬದಿ

ಕಳೆದ ವಾರ ಬ್ರಹ್ಮಾವರದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಅಜ್ಜನ ಕಾಲದ ಜಾಗದ ಕಾಗದಗಳನ್ನು ಹಿಡಿದುಕೊಂಡು ನನ್ನ ಆಫೀಸಿಗೆ ಬಂದಿದ್ದರು. ಆಫೀಸು ಅಂದರೆ ದೊಡ್ಡದೇನಲ್ಲ. ಕುಂದಾಪುರದ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಮೇಜು, ಭೂತಗನ್ನಡಿ, ಬಂದವರಿಗೆ ಕೂರಲು ಮೂರು ಕುರ್ಚಿ. ಹಳೆಯ ಕೈಬರಹದ ದಾಖಲೆಗಳನ್ನು ಓದಿ ಹೇಳುವುದು ನನ್ನ ಕಸುಬು. ಕಪ್ಪು ರೆಕ್ಸಿನ್ ಬೆನ್ನಿನ ಆ ಕಟ್ಟನ್ನು ಬಿಚ್ಚಿದ ಕೂಡಲೇ ಅಂಟಿನ ವಾಸನೆ ಮೂಗಿಗೆ ಬಂತು. ಮೈದಾ ಹಿಟ್ಟನ್ನು ಕಾಯಿಸಿ, ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ ಮಾಡಿದ ಅಂಟು. ಇಷ್ಟು ವರ್ಷವಾದರೂ ಆ ಹುಳಿ ವಾಸನೆ ಪೂರ್ತಿ ಹೋಗಿರಲಿಲ್ಲ.

ಕಟ್ಟಿನೊಳಗಿಂದ ಅಂಗೈಯಗಲದ ಒಂದು ಚೀಟಿ ಜಾರಿ ಮೇಜಿನ ಮೇಲೆ ಬಿತ್ತು. ನೇರಳೆ ಬಾಲ್‌ಪೆನ್ನಿನ ದುಂಡು ಅಕ್ಷರ. '೨ ಸೆಟ್, ೧೪ ಹಾಳೆ.' ಯಾರ ಕೈ ಅಂತ ತಿಳಿಯಲು ಭೂತಗನ್ನಡಿ ಬೇಕಾಗಲಿಲ್ಲ. ಚೀಟಿಯನ್ನು ನಾನು ತಿರುಗಿಸಲಿಲ್ಲ. ಹಿಂಬದಿಯಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ...

ಕುಂದಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಆ ಅಕ್ಷರ ಬರೆದವರ ಜೆರಾಕ್ಸ್ ಅಂಗಡಿ ಇತ್ತು. ಎರಡು ಮೆಷಿನ್ನು, ಒಂದು ಕಂಪ್ಯೂಟರು, ಮೂಲೆಯಲ್ಲಿ ಬೈಂಡಿಂಗ್ ಮಾಡುವ ಕಬ್ಬಿಣದ ಪ್ರೆಸ್ಸು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷವಾದರೂ ದೊಡ್ಡವರು. ಮೀಸೆ ಚಿಗುರುವ ಮೊದಲೇ ಮುಂಬೈಗೆ ಹೋಗಿ ಹೊಟೇಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಅಲ್ಲಿಯ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದವರು. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಕಂಡ ಪ್ರೊಫೆಸರುಗಳಲ್ಲಿ ಅರ್ಧದಷ್ಟು ಜನಕ್ಕೂ ಕಾಗದದ ಮೇಲೆ ಅವರಿಗಿದ್ದಷ್ಟು ಮರ್ಯಾದೆ ಇರಲಿಲ್ಲ.

ಅವರದೊಂದು ಕ್ರಮವಿತ್ತು. ಯಾರು ಯಾವ ಕಾಗದ ಕೊಟ್ಟರೂ ಮೊದಲು ತಿರುಗಿಸಿ ಹಿಂಬದಿ ನೋಡುವುದು. ಆಮೇಲೆಯೇ ಮೆಷಿನ್ನಿನ ಮುಚ್ಚಳ ಎತ್ತುವುದು. ಮುಂಬೈಯಲ್ಲಿ ಒಮ್ಮೆ ಯಾರದೋ ದಸ್ತಾವೇಜಿನ ಎದುರು ಬದಿ ಮಾತ್ರ ಕಾಪಿ ಮಾಡಿ ಕೊಟ್ಟು, ಹಿಂದಿದ್ದ ಎರಡು ಸಾಲು ತಪ್ಪಿಹೋಗಿ, ಆ ಮನುಷ್ಯ ಕೋರ್ಟಿನಿಂದ ಬರಿಗೈಯಲ್ಲಿ ಬಂದು ಇವರ ಎದುರು ಅತ್ತನಂತೆ. "ಹಿಂದೆ ಎಂತ ಇತ್ತ್ ಅಂದೇಳಿ ಕಾಣ್ದೆ ಕಾಪಿ ಹೊಡುಕಾಗ ತಂಗಿ," ಅನ್ನುತ್ತಿದ್ದರು. ಎಷ್ಟು ಸಲ ಹೇಳಿದ್ದರೋ, ಲೆಕ್ಕವಿಲ್ಲ.

ಇನ್ನೊಂದು ಅಭ್ಯಾಸ ಈ ಚೀಟಿಯದು. ಸೊಟ್ಟಗೆ ಬಂದದ್ದು, ಕಪ್ಪಾದದ್ದು, ಮಸಿ ಹತ್ತಿದ್ದು, ಹೀಗೆ ಹಾಳಾದ ಕಾಪಿಗಳನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ಹಾಕಿ, ಸಂಜೆ ನಾಲ್ಕು ತುಂಡು ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದರ ಬಿಳಿ ಬದಿಯಲ್ಲಿ ಸೆಟ್ಟು, ಹಾಳೆ ಬರೆದು ಗಿರಾಕಿಯ ಕಟ್ಟಿನೊಳಗೆ ಸಿಕ್ಕಿಸುವುದು. ಒಂದು ಬದಿ ಖಾಲಿ ಇರುವ ಕಾಗದವನ್ನು ಎಸೆದರೆ ಅವರಿಗೆ ಅನ್ನ ಎಸೆದಷ್ಟು ಸಂಕಟ.

ನನ್ನ ಪಿಎಚ್.ಡಿ. ಪ್ರಬಂಧ ಟೈಪಾದದ್ದೂ, ಬೈಂಡಾದದ್ದೂ ಅಲ್ಲೇ. ನಮ್ಮ ಕರಾವಳಿಯ ಮನೆತನಗಳ ಹಳೇ ಕಡತಗಳ ಬಗ್ಗೆ ಆರು ವರ್ಷ ಮಣ್ಣು ಹೊತ್ತಿದ್ದೆ. ಅಟ್ಟದ ಮೇಲಿನ ಪೆಟ್ಟಿಗೆಗಳಿಂದ ಗೆದ್ದಲು ಕೊಡವಿ, ಒಂದಕ್ಕೊಂದು ಅಂಟಿಕೊಂಡ ಆ ಅಕ್ಷರಗಳನ್ನು ಬಿಡಿಸಿ ಓದುವುದು ಕಲಿತಿದ್ದೆ. ಕಪ್ಪು ರೆಕ್ಸಿನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು ಒತ್ತಿ ಕೊಟ್ಟ ದಿನ ಅವರೇ ಚಾ ತರಿಸಿದ್ದರು. ಬಿಜೂರಿನ ನಮ್ಮ ಮನೆಯಲ್ಲಿ ಅಪ್ಪ ಗದ್ದೆ ಕೆಲಸದವರಿಗೆಲ್ಲ, ಮಗಳು ಇನ್ನು ಕಾಲೇಜಿನಲ್ಲಿ ದೊಡ್ಡ ಹುದ್ದೆಗೆ ಹೋಗುತ್ತಾಳೆ ಅಂತ ಹೇಳಿ ಆಗಿತ್ತು.

ಹುದ್ದೆ ಬರಲಿಲ್ಲ. ಕುಂದಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅತಿಥಿಯ ಮರ್ಯಾದೆ ಎಷ್ಟು ದಿನ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು; ನಾನು ನಾಲ್ಕು ವರ್ಷ ಇದ್ದೆ. ಪ್ರತಿ ಮಳೆಗಾಲದ ಆರಂಭದಲ್ಲಿ ಹೊಸ ಪಟ್ಟಿ ಬರುತ್ತಿತ್ತು, ಅದರಲ್ಲಿ ಹೆಸರಿದೆಯೋ ಇಲ್ಲವೋ ಅಂತ ಬೆರಳಿಟ್ಟು ಹುಡುಕುತ್ತಿದ್ದೆ. ನಡುವೆ ಎಲ್ಲೆಲ್ಲಿಗೋ ಅರ್ಜಿ. ಒಂದೊಂದು ಅರ್ಜಿಗೂ ಅಣ್ಣನ ಅಂಗಡಿಯಲ್ಲಿ ಬಯೋಡಾಟಾ ತಿದ್ದಿಸುವುದು, ಅಂಕಪಟ್ಟಿಗಳ ಸೆಟ್ ಮಾಡಿಸುವುದು. ನನ್ನ ಪ್ರಮಾಣಪತ್ರಗಳ ಹಿಂಬದಿ ಖಾಲಿ ಅಂತ ಅವರಿಗೆ ಬಾಯಿಪಾಠವಾಗಿತ್ತು. ಆದರೂ ಪ್ರತಿ ಸಲ ತಿರುಗಿಸಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಸೆಟ್ಟುಗಳು ಆಗುವ ಹೊತ್ತಿಗೆ ತ್ರಾಸಿ ಕಡೆಯ ಅಜ್ಜಿಯೊಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಅವರ ತಾಯಿಯ ಕಾಲದ ಪಾಲುಪಟ್ಟಿ. ಎರಡು ಮನೆಗಳ ನಡುವಿನ ಬಾವಿಗೆ ಅಜ್ಜಿಯ ಒಡಹುಟ್ಟಿದ ಅಣ್ಣನ ಮಕ್ಕಳು ತಕರಾರು ತೆಗೆದು, ಇವರ ಹಗ್ಗ ಬಿಂದಿಗೆ ಎತ್ತಿ ಆಚೆ ಇಟ್ಟಿದ್ದರಂತೆ. ಮೂರು ತಿಂಗಳಿಂದ ಅಜ್ಜಿ ರಸ್ತೆಯಾಚೆಯ ಮನೆಯಿಂದ ನೀರು ಹೊರುತ್ತಿದ್ದರು. ಕಾಗದ ಓದುವವರು ಯಾರೂ ಸಿಕ್ಕಿರಲಿಲ್ಲ. ಅಣ್ಣ ನನ್ನ ಕಡೆ ನೋಡಿದರು.

ನನಗೋ ಆನೆಬಲ ಬಂತು. ಕಾಗದ ಕೈಗೆ ತೆಗೆದುಕೊಂಡು, ಈ ಬರಹದ ಶೈಲಿ ಯಾವುದು, ಮಸಿ ಯಾವುದು, ಇಂಥ ಪಾಲುಪಟ್ಟಿಗಳು ಯಾವಾಗ ರೂಢಿಗೆ ಬಂದವು, ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ನಾನು ಇದರ ಬಗ್ಗೆ ಏನು ವಾದ ಮಾಡಿದ್ದೇನೆ... ಕಾಲು ಗಂಟೆ ಮಾತಾಡಿರಬೇಕು. ಅಜ್ಜಿ ಸೆರಗಿನ ತುದಿ ತಿರುಚುತ್ತಾ ನಿಂತಿದ್ದರು. ಅಣ್ಣ ಮೆಷಿನ್ ನಿಲ್ಲಿಸಿದರು.

"ತಂಗಿ, ಅವ್ರ್ ಕೇಂಡದ್ದ್ ಬಾವಿ ಯಾರ್ದ್ ಅಂದೇಳಿ. ಕೇಂಡದ್ದಕ್ಕೆ ಹೇಳಿ, ಸಾಕ್."

ಮುಖಕ್ಕೆ ನೀರು ಎರಚಿದ ಹಾಗಾಯಿತು. ಪಟ್ಟಿಯ ಕೊನೆಯ ತನಕ ಹುಡುಕಿದೆ. ಬಾವಿಯ ಸುದ್ದಿಯೇ ಇಲ್ಲ. ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಚಾಚಿ ಕಾಗದವನ್ನು ನನ್ನ ಕೈಯಲ್ಲಿಯೇ ತಿರುಗಿಸಿದರು. ಹಿಂದೆ ಮೂರು ಸಾಲು, ಬೇರೆ ಮಸಿಯಲ್ಲಿ. ಬಾವಿಯ ನೀರು ಉಭಯತ್ರರಿಗೂ ಸಮ, ಯಾರೂ ಯಾರನ್ನೂ ತಡೆಯತಕ್ಕದ್ದಲ್ಲ. ಕೆಳಗೆ ಇಬ್ಬರ ಸಹಿ.

ನಾನು ಓದಿ ಹೇಳಿದೆ. ಅಜ್ಜಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಹಂಗಾರೆ ನಾಳೆಂದ ನಾನ್ ನೀರ್ ಸೇದ್ಲಕ್ಕಾ?" ಅಂತ ಕೇಳಿದರು, ನನ್ನನ್ನೇ ಕೇಳಿದರು, ಆ ಬಾವಿ ನನ್ನದೇ ಅನ್ನುವ ಹಾಗೆ. ಸೇದಬಹುದು ಅಂದೆ. ನಾಲ್ಕು ವರ್ಷ ಪಾಠ ಮಾಡಿದ್ದೆ. ನನ್ನ ಒಂದು ಮಾತಿಗೆ ಯಾರ ಮುಖವೂ ಹಾಗೆ ಬದಲಾದದ್ದು ನಾನು ಕಂಡಿರಲಿಲ್ಲ.

ಅಜ್ಜಿ ಹೋದ ಮೇಲೆ ಅಣ್ಣ ಹೇಳಿದರು. "ಈ ಕೆಲ್ಸಕ್ಕೆ ಇಲ್ಲಿ ಒಂದ್ ಜನ ಇಲ್ಲೆ ತಂಗಿ. ವಾರಕ್ಕೆ ಮೂರ್ ನಾಕ್ ಜನ ಬತ್ರ್, ಓದುಕೆ ಆತಿಲ್ಲೆ ಅಂದೇಳಿ ಹಾಂಗೇ ವಾಪಾಸ್ ಹೋತ್ರ್. ಒಂದ್ ಬೋರ್ಡ್ ಹಾಕಿ ಕೂಕಣಿ."

"ಬಾವಿ ಪಂಚಾತಿಗೆ ಮಾಡುಕಾ ಅಣ್ಣ, ನಾನ್ ಪಿಎಚ್.ಡಿ. ಮಾಡ್ದದ್ದ್?" ಅಂದೆ. ನಗುತ್ತಾ ಹೇಳಿದ್ದೆ ಅಂತ ನೆನಪು. ಆದರೆ ಆ ನಗು ಒಳ್ಳೆಯದಲ್ಲ ಅಂತ ಈಗ ಗೊತ್ತಾಗುತ್ತದೆ. ಅವರು, ಅದೂ ಹೌದು ಅಂತ ತಲೆಯಾಡಿಸಿ ನನ್ನ ಎರಡು ಸೆಟ್ ಕೈಗಿತ್ತರು.

ನಿಜ ಹೇಳುತ್ತೇನೆ, ಆ ದಿನ ಬಸ್ಸಿನಲ್ಲಿ ಅಜ್ಜಿಯ ಮುಖ ನೆನಪಾಗಿ ಖುಷಿಯಾಗಿತ್ತು. ಖುಷಿಯಾದದ್ದಕ್ಕೇ ಹೆದರಿಕೆಯೂ ಆಯಿತು. ಕಾಲೇಜು ಬಿಟ್ಟು ಬೇರೆ ಏನೇ ಮಾಡಿದರೂ ಸೋತ ಹಾಗೆ ಅಂತ ನಾನು ನಂಬಿದ್ದೆ. ಅಪ್ಪನಿಗೆ ಏನು ಹೇಳಲಿ? ಜೊತೆಗೆ ಓದಿದವರಿಗೆ ಏನು ಹೇಳಲಿ? ಓದಿ ಓದಿ ಮರುಳಾದ ಕೂಚುಭಟ್ಟ ಅಂತ ಊರು ನಗುತ್ತದೆ ಅಂತ ಅಂಜಿಕೆ. ಊರಿಗೆ ತನ್ನದೇ ಸಾವಿರ ಕೆಲಸ ಇತ್ತು, ನನ್ನನ್ನು ನೋಡಿ ನಗಲು ಯಾರಿಗೂ ಪುರುಸೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಮೂರು ನಾಲ್ಕು ತಿಂಗಳು ಕಳೆದಿರಬೇಕು. ಒಂದು ದಿನ ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಜಿನ ಕಾಮರ್ಸ್ ಮೇಷ್ಟ್ರು ಬ್ಯಾಗಿನಿಂದ ತಮ್ಮ ಅಜ್ಜನ ಮನೆಯ ಯಾವುದೋ ದಾಖಲೆಯ ಕಟ್ಟು ತೆಗೆದರು. ಚೀಟಿಯೊಂದು ಕೆಳಗೆ ಬಿತ್ತು. ಹೆಕ್ಕಿ ನೋಡಿ, "ಅರೆ, ಇದ್ರಲ್ಲಿ ನಮ್ಮ ಮೇಡಂ ಹೆಸರಿದೆಯಲ್ಲ!" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರು. ನನ್ನ ಹೆಸರು, ಅದರ ಹಿಂದೆ ಡಾಕ್ಟರ್, ಪ್ರಬಂಧದ ಹೆಸರು, ಫೋನ್ ನಂಬರು. ಜೆರಾಕ್ಸ್ ಅಂಗಡಿಯ ಚೀಟಿಯ ಬೆನ್ನ ಮೇಲೆ. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ನಾನು ಕಸಿದುಕೊಂಡು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ.

ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ. ಸೀದಾ ಅಂಗಡಿಗೆ ಹೋದೆ. ಪರೀಕ್ಷೆಯ ಕಾಲ, ಮಕ್ಕಳೆಲ್ಲ ನೋಟ್ಸು ಹಿಡಿದು ನಿಂತಿದ್ದರು, ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಯಾರನ್ನೂ ಲೆಕ್ಕಿಸದೆ ಕೂಗಾಡಿದೆ. ಹಾಳು ಕಾಗದದ ಪೆಟ್ಟಿಗೆಗೆ ನನ್ನ ಬಯೋಡಾಟಾ ಹಾಕಿ ಊರಿಗೆಲ್ಲ ಹಂಚುತ್ತೀರಾ, ನನ್ನ ಆರು ವರ್ಷ ನಿಮಗೆ ಚೀಟಿ ಬರೆಯಲು ಬೇಕಾಯಿತಾ ಅಂತ ಕೇಳಿದೆ. ಇನ್ನೂ ಏನೇನೋ ಅಂದೆ. ಏಳನೇ ಕ್ಲಾಸಿನ ಮಾತನ್ನೂ ಎತ್ತಿದೆ... ಅದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಅವರು ಅಂಟಿನ ಬ್ರಶ್ಶು ಹಿಡಿದು ನಿಂತಿದ್ದರು. ಅಂಟು ಮೊಣಕೈ ತನಕ ಇಳಿಯುತ್ತಿತ್ತು. ಏನೋ ಹೇಳಲು ಹೊರಟರು, ಅಲ್ಲಿ ನಿಂತ ಮಕ್ಕಳ ಕಡೆ ಒಮ್ಮೆ ನೋಡಿದರು. "ತಪ್ಪಾಯ್ತ್ ತಂಗಿ," ಅಂದರು. ಅಷ್ಟೇ.

ಮತ್ತೆ ನಾನು ಆ ಗಲ್ಲಿಗೆ ಹೋಗಲಿಲ್ಲ. ಜೆರಾಕ್ಸ್ ಬೇಕಾದರೆ ಬೈಂದೂರಿನಲ್ಲಿ ಮಾಡಿಸುತ್ತಿದ್ದೆ. ಅಲ್ಲಿಯ ಹುಡುಗಿ ಕಾಗದ ತಿರುಗಿಸಿ ನೋಡುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದ ಮೇಲೆ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ಮನೆಯಲ್ಲಿ ಹೇಳಲಾಗದೆ ಒಂದು ವಾರ ಎಂದಿನ ಹಾಗೆ ಬುತ್ತಿ ಕಟ್ಟಿಕೊಂಡು, ಎಂದಿನ ಬಸ್ಸಿಗೇ ಹತ್ತಿ, ತ್ರಾಸಿಯಲ್ಲಿ ಇಳಿದು ಕಡಲಿನ ಎದುರು ಒಂದು ಮುಚ್ಚಿದ ಅಂಗಡಿಯ ಮಾಡಿನ ಕೆಳಗೆ ಕೂರುತ್ತಿದ್ದೆ. ಸಂಜೆಯ ಬಸ್ಸಿಗೆ ವಾಪಸು. ಅಮ್ಮ ದಿನಾ ಕೇಳುತ್ತಿದ್ದಳು, ಪಾಠ ಹೇಗಾಯಿತು ಅಂತ. ಚೆನ್ನಾಗಾಯಿತು ಅನ್ನುತ್ತಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ಮೂವತ್ತನಾಲ್ಕು ವರ್ಷದ, ಡಾಕ್ಟರೇಟು ಪಡೆದ ಹೆಂಗಸು, ಶಾಲೆಗೆ ಚಕ್ಕರ್ ಹೊಡೆದವಳ ಹಾಗೆ ಬುತ್ತಿ ಬಿಚ್ಚಿ ಮಳೆಯಲ್ಲಿ ಮಜ್ಜಿಗೆ ಅನ್ನ ತಿನ್ನುತ್ತಿದ್ದೆ. ಅಳು ಬರುತ್ತಿತ್ತು, ಅಳುತ್ತಿದ್ದೆ. ಕಡಲಿನ ಸದ್ದಿಗೆ ಅದು ಯಾರಿಗೂ ಕೇಳುತ್ತಿರಲಿಲ್ಲ.

ಫೋನು ಬಂದದ್ದು ಅಲ್ಲೇ. ಬ್ರಹ್ಮಾವರದ ವಕೀಲರೊಬ್ಬರು. ಹಳೇ ಕೈಬರಹದ ಕಾಗದ ಓದುತ್ತೀರಂತೆ, ಒಂದು ಮೂಲಗೇಣಿ ಪತ್ರ ಇದೆ, ಬರಬಹುದಾ ಅಂತ ಕೇಳಿದರು. ಮೂಲಗೇಣಿ ಅಂದರೆ ತಲೆತಲಾಂತರಕ್ಕೆ ಜಾಗವನ್ನು ಗೇಣಿಗೆ ಬಿಟ್ಟುಕೊಟ್ಟ ಪತ್ರ. ನನ್ನ ನಂಬರು ಯಾರು ಕೊಟ್ಟರು ಅಂತ ಕೇಳಿದೆ. "ಪಾರ್ಟಿ ಹತ್ರ ಒಂದ್ ಚೀಟಿ ಇದ್ದಿತ್ತ್, ಅದ್ರಗೆ ಇತ್ತಲೆ," ಅಂದರು. ಪ್ರಬಂಧದ ಹೆಸರು ನೋಡಿ ಊಹಿಸಿರಬೇಕು ಅಂದುಕೊಂಡೆ. ಹಾಳು ಕಾಪಿಯೂ ಒಂದು ಕೆಲಸಕ್ಕೆ ಬಂತಲ್ಲ ಅಂತಲೂ ಅಂದುಕೊಂಡೆ.

ಆ ಪತ್ರಕ್ಕೆ ಅಡಿಟಿಪ್ಪಣಿ ಸಮೇತ ಹನ್ನೊಂದು ಪುಟ ಬರೆದೆ. ವಕೀಲರಿಗೆ ಕೊಡಲು ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಓದಿ ನೋಡಿದರೆ, ಕೇಳಿದ್ದು ಪಡುವಣ ಗಡಿ ಎಲ್ಲಿ ಅಂತ, ಅದಕ್ಕೆ ಉತ್ತರ ಒಂಬತ್ತನೇ ಪುಟದಲ್ಲಿತ್ತು. ಅಜ್ಜಿಯ ಎದುರು ಅಣ್ಣ ಹೇಳಿದ ಮಾತು ಕಿವಿಯಲ್ಲಿ ಗುಂಯ್ಯೆಂದಿತು. ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು, ಬಸ್ಸಿನ ಕುಲುಕಾಟದಲ್ಲೇ ಅರ್ಧ ಪುಟದಲ್ಲಿ ಉತ್ತರ ಬರೆದೆ. ಕೊಡುವ ಮೊದಲು ಮೂಲ ಪತ್ರದ ಹಿಂಬದಿಯನ್ನೂ ಇನ್ನೊಮ್ಮೆ ನೋಡಿಕೊಂಡೆ. ವಕೀಲರು ಆ ಅರ್ಧ ಪುಟವನ್ನು ಎರಡು ಸಲ ಓದಿ, ನಾಳೆ ಇನ್ನೊಂದು ಕಾಗದ ತರಿಸುತ್ತೇನೆ ಅಂದರು. ಅವತ್ತು ಸಂಜೆ ಮನೆಯಲ್ಲಿ ಎಲ್ಲ ಹೇಳಿದೆ. ಅಪ್ಪ ಎದ್ದು ಗದ್ದೆಯ ಕಡೆ ಹೋದರು. ಎರಡು ತಿಂಗಳ ಮೇಲೆ ಬಿಜೂರಿನ ಮೊದಲ ಗಿರಾಕಿಯನ್ನು ಕರೆದುಕೊಂಡು ಬಂದವರು ಅವರೇ.

ಹೀಗೆ ಒಬ್ಬರಾದ ಮೇಲೆ ಒಬ್ಬರು ಬಂದರು. ಎಲ್ಲಿಂದ ತಿಳಿಯಿತು ಅಂದರೆ ಯಾರೋ ಹೇಳಿದರು ಅನ್ನುತ್ತಿದ್ದರು. ವರ್ಷದೊಳಗೆ ಕುಂದಾಪುರದಲ್ಲಿ ಈ ಕೋಣೆ ಹಿಡಿದೆ. ಅಣ್ಣನ ಅಂಗಡಿಗೆ ಇಲ್ಲಿಂದ ಐದು ನಿಮಿಷದ ದಾರಿ. ಹೋಗಿ ಹೇಳಬೇಕು ಅಂತ ಎಷ್ಟೋ ಸಲ ಮೆಟ್ಟಿಲಿಳಿದಿದ್ದೇನೆ. ಏನಂತ ಹೇಳುವುದು? ತಪ್ಪು ಅವರದ್ದು, ಅವರೇ ಒಪ್ಪಿಕೊಂಡಿದ್ದಾರೆ, ನಾನು ಯಾಕೆ ಮೊದಲು ಹೋಗಬೇಕು ಅಂತ ಮತ್ತೆ ಮೆಟ್ಟಿಲು ಹತ್ತುತ್ತಿದ್ದೆ.

ಒಂದು ಸಂಜೆ ಬಸ್ಸಿಗೆ ನಿಂತಿದ್ದೆ. ಗಲ್ಲಿಯ ಬಾಯಲ್ಲಿ ಅವರು, ಕೈಯಲ್ಲಿ ರೆಕ್ಸಿನ್ನಿನ ಸುರುಳಿ. ಮೊದಲಿಗಿಂತ ಬಡವಾಗಿದ್ದರು. "ಹ್ವಾಯ್ ತಂಗೀ!" ಅಂತ ಕೈ ಎತ್ತಿ ಕರೆದರು. ನನಗೆ ಸರಿಯಾಗಿ ಕೇಳಿಸಿತು. ಕೇಳದವಳ ಹಾಗೆ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಎತ್ತಿದ ಕೈಯಲ್ಲೇ ಹಣೆ ಒರೆಸಿಕೊಳ್ಳುತ್ತಿದ್ದರು...

ಆಮೇಲೆ ಒಂದು ದಿನ ಅಂಗಡಿಯ ಶಟರು ಎಳೆದಿತ್ತು. ಪಕ್ಕದ ಚಾದಂಗಡಿಯವರು ಹೇಳಿದರು, ಕಿಡ್ನಿ ಕೈಕೊಟ್ಟು ಮುಂಬೈಯ ಮಗಳ ಮನೆಗೆ ಹೋದರು ಅಂತ. ಆರು ತಿಂಗಳಲ್ಲಿ ಅಲ್ಲೇ ತೀರಿಕೊಂಡ ಸುದ್ದಿಯೂ ಅವರಿಂದಲೇ ತಿಳಿಯಿತು. ನನಗೆ ದುಃಖವಾಯಿತು. ಹೋದ ಜೀವದ ಮೇಲೆ ಎಂಥ ಸಿಟ್ಟು ಅಂತ ಮನಸ್ಸಿನಲ್ಲೇ ಅವರನ್ನು ಕ್ಷಮಿಸಿಯೂ ಬಿಟ್ಟೆ. ಎಂಥ ದೊಡ್ಡ ಮನಸ್ಸು ನೋಡಿ ನನ್ನದು! ಈಗ ಅಲ್ಲಿ ಮೊಬೈಲ್ ಕವರು ಮಾರುವ ಅಂಗಡಿಯಿದೆ.

ಕಳೆದ ವಾರ ಆ ಗಂಡ ಹೆಂಡತಿಯ ಕಟ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಮೊದಲು ಹಿಂಬದಿ, ಆಮೇಲೆ ಮುಂಬದಿ. ಕೈಗೆ ಅದೇ ಅಭ್ಯಾಸ. ಹದಿನಾಲ್ಕು ಹಾಳೆಯಾದ ಮೇಲೆ ಉಳಿದದ್ದು ಆ ಚೀಟಿ. ಕೈ ಅದನ್ನೂ ತಿರುಗಿಸಿತು.

ಹಾಳಾದ ಕಾಪಿಯಲ್ಲ ಅದು. ಹಾಳಾದ ಕಾಪಿಯನ್ನು ನಾಲ್ಕು ತುಂಡು ಮಾಡಿದರೆ ಒಂದೊಂದರಲ್ಲಿ ಕಾಲು ಭಾಗವಷ್ಟೇ ಸಿಗಬೇಕು. ಸಾಲುಗಳು ನಡುವೆ ಕತ್ತರಿಸಿಹೋಗಿರಬೇಕು. ಇದರಲ್ಲಿ ಎಲ್ಲವೂ ಪೂರ್ತಿ ಇತ್ತು. ಅಂಗೈಯಗಲಕ್ಕೆ ಹೊಂದುವ ಹಾಗೆ ಕಂಪ್ಯೂಟರಿನಲ್ಲಿ ಬೇರೆಯೇ ಜೋಡಿಸಿ, ಸುತ್ತ ಸಣ್ಣ ಗೆರೆ ಹಾಕಿದ್ದರು. ಒಂದು ಚೂರೂ ಸೊಟ್ಟವಿಲ್ಲ, ಮಸಿಯಿಲ್ಲ. ಅಪ್ಪನ ಹೆಸರು, ಜನ್ಮದಿನ, ಅಂಕಗಳು, ನಾನು ಬರೆದ ಲೇಖನಗಳ ಪಟ್ಟಿ ಎಲ್ಲ ತೆಗೆದುಹಾಕಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಡಾಕ್ಟರ್ ಅಂತ ಸೇರಿಸಿ ನನ್ನ ಹೆಸರು. ಪ್ರಬಂಧದ ಹೆಸರು. ನಂಬರು. ಅದರ ಕೆಳಗೆ ನಾನು ಎಂದೂ ಬರೆಯದ ಎರಡು ಸಾಲು.

'ಹಳೇ ಕೈಬರಹದ ಕಾಗದ ಓದಿ ಹೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ.'

ಕಾಮರ್ಸ್ ಮೇಷ್ಟ್ರ ಕಟ್ಟಿನಲ್ಲಿದ್ದದ್ದು ಅಜ್ಜನ ಮನೆಯ ದಾಖಲೆ. ಇದೂ ಅಜ್ಜನ ಕಾಲದ್ದೇ. ನೋಟ್ಸ್ ಕಾಪಿ ಮಾಡಿಸುವ ಯಾವ ಹುಡುಗರ ಕೈಯಲ್ಲೂ ಈ ಚೀಟಿ ಇದ್ದದ್ದನ್ನು ನಾನು ಕಂಡಿಲ್ಲ. ಹಳೇ ಕಾಗದ ತಂದವರಿಗೆ ಮಾತ್ರ ಆರಿಸಿ ಕೊಡುತ್ತಿದ್ದರು. ನನ್ನ ಕೂಗಾಟದ ನಂತರವೂ ಕೊಟ್ಟಿದ್ದಾರೆ. ಈ ಕಟ್ಟು ಮಾಡಿಸಿದ ವರ್ಷ, ತಿಂಗಳು ಆ ಗಂಡನೇ ಹೇಳಿದರು; ಪಟ್ಟಿಯಲ್ಲಿ ನನ್ನ ಹೆಸರಿಲ್ಲದ ಆ ಮಳೆಗಾಲ ಕಳೆದ ಮೇಲಿನದು. ಅವತ್ತು ಆ ಮಕ್ಕಳೆದುರು ಅವರು ಬಾಯಿ ಬಿಟ್ಟಿದ್ದರೆ, ನಿಮಗೊಂದು ಕೆಲಸವಾಗಲಿ ಅಂತ ಮಾಡಿದ್ದು ತಂಗಿ ಅನ್ನಬೇಕಾಗುತ್ತಿತ್ತು. ನನ್ನ ವಿದ್ಯಾರ್ಥಿಗಳೆದುರೇ, ಅವರ ಮೇಡಂಗೆ ಕೆಲಸ ಹುಡುಕಿಕೊಡುತ್ತಿದ್ದೇನೆ ಅಂತ ಹೇಳಬೇಕಾಗುತ್ತಿತ್ತು. ಅದರ ಬದಲು ತಪ್ಪಾಯ್ತ್ ಅಂದರು. ಊರವರ ಕಾಗದಗಳ ಹಿಂದು ಮುಂದು ನೋಡಿ ಹೊಟ್ಟೆ ಹೊರೆಯುವವಳು ನಾನು. ಕೈಗೆ ಬಂದ ಆ ಒಂದು ಚೀಟಿಯನ್ನು ಪೂರ್ತಿ ಓದದೆ ಹರಿದಿದ್ದೆ.

ಎದುರಿಗೆ ಕೂತಿದ್ದ ಹೆಂಡತಿ ನನ್ನ ಮುಖ ನೋಡಿ ಗಾಬರಿಯಾದಳು. ಜಾಗದ ಕಾಗದದಲ್ಲೇ ಏನೋ ಕೆಟ್ಟದ್ದು ಸಿಕ್ಕಿತು ಅಂದುಕೊಂಡಳೇನೋ.

"ಎಂತ ಬರ್ದಿತ್ತ್ ಮೇಡಂ ಅದ್ರಗೆ?"

ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ಕೆಲಸ. ಅವತ್ತು ನನ್ನಿಂದ ಆಗಲಿಲ್ಲ.